ಜರ್ಮನ್ ಕೊಡ

ಹೋದ ವಾರ ಸೊಸೆ ಅಟ್ಟ ಸ್ವಚ್ಛ ಮಾಡುವಾಗ ಜರ್ಮನ್ ಕೊಡವೊಂದನ್ನು ಕೆಳಗಿಳಿಸಿದಳು. ಅಲ್ಯೂಮಿನಿಯಂಗೆ ನಮ್ಮ ಕಡೆ ಹಾಗೆಯೇ ಅನ್ನುವುದು. ಕೊಡದ ಮಗ್ಗುಲು ತಗ್ಗು ಬಿದ್ದಿದೆ, ಬಾಯಿಯ ಅಂಚು ಸವೆದಿದೆ. ಮೊದಲಿನಿಂದ ತಾಮ್ರ, ಹಿತ್ತಾಳೆಯ ಮನೆ ನಮ್ಮದು. "ಅತ್ತಿ, ಇದು ಯಾರದ್ರಿ?" ಅಂದಳು. ಅವಳ ಕೈಯಿಂದ ಕೊಡ ಇಸಿದುಕೊಂಡು ಸೆರಗಿನಿಂದ ಧೂಳು ಒರೆಸಿದೆ.

ಎಪ್ಪತ್ತರ ದಶಕದ ಮಾತು. ನಾನು ಮದುವೆಯಾಗಿ ನವಲಗುಂದದ ಕಡೆಯ ಈ ಊರಿಗೆ ಬಂದು ಎರಡು ವರ್ಷವಾಗಿತ್ತು. ಎರೆಭೂಮಿ, ಬಾವಿ ತೋಡಿದರೆ ಸವಳು ನೀರು. ಕುಡಿಯಲು ಊರಿಗೆಲ್ಲ ಒಂದೇ ಕೆರೆ, ಅದರ ಮೆಟ್ಟಿಲು ಇಳಿಯಲು ಎಲ್ಲರಿಗೂ ಹಕ್ಕಿರಲಿಲ್ಲ. ದವಾಖಾನೆಯ ನರ್ಸಬಾಯಿಯವರು ಕ್ರೈಸ್ತರು. ಅವರು ಮೇಲಿನ ಕಲ್ಲಿನ ಬಳಿ ಈ ಜರ್ಮನ್ ಕೊಡ ಇಟ್ಟುಕೊಂಡು ನಿಲ್ಲಬೇಕು, ಮನಸ್ಸು ಬಂದವರು ಯಾರಾದರೂ ಎತ್ತರದಿಂದ ನೀರು ಹೊಯ್ಯಬೇಕು. ಊರಿನ ಅರ್ಧ ಕೂಸುಗಳ ಹೊಕ್ಕಳು ಕೊಯ್ದ ಕೈ ಅದು. ಬಾಣಂತಿಗೆ ನಡೆಯುತ್ತಿದ್ದ ಕೈ ಕೆರೆಗೆ ನಡೆಯುತ್ತಿರಲಿಲ್ಲ. ಅದರಲ್ಲಿ ತಪ್ಪೇನಿದೆ ಎಂದು ಯಾರಿಗೂ ಅನ್ನಿಸಿರಲಿಲ್ಲ, ನನಗೂ.

ಅವರು ಯಾರಿಗಾದರೂ ಧರ್ಮ ಬೋಧಿಸಿದ್ದನ್ನು ನಾನು ಕಂಡಿಲ್ಲ. ಕೊರಳಲ್ಲಿ ಸಣ್ಣ ಶಿಲುಬೆ, ಮೈಗೆ ದವಾಖಾನೆಯ ಕೆಂಪು ಸಾಬೂನಿನ ವಾಸನೆ, ಅಷ್ಟೇ. ನನ್ನ ಹೆರಿಗೆಯಲ್ಲಿ ಎರಡು ದಿನ ಮಗ್ಗುಲು ಬಿಟ್ಟು ಏಳಲಿಲ್ಲ. ನಿಮಗ್ಯಾಕ್ರಿ ಇಷ್ಟು ತ್ರಾಸು ಎಂದರೆ, "ನಮ್ಮ ಯೇಸುಸ್ವಾಮಿಗೆ ಇದಽ ಪೂಜಿ, ತಂಗಿ" ಎಂದು ನಕ್ಕಿದ್ದರು.

ಮರುವರ್ಷದ ಬೇಸಿಗೆ. ಗಂಡ ಹತ್ತಿ ಹೇರಿಕೊಂಡು ಹುಬ್ಬಳ್ಳಿಗೆ ಹೋಗಿದ್ದಾಗ ನನಗೂ ಅತ್ತೆಗೂ ವಾಂತಿ-ಭೇದಿ ಹಿಡಿಯಿತು. ತೊಟ್ಟಿಲಲ್ಲಿದ್ದ ಎಂಟು ತಿಂಗಳ ಮಗನಿಗೂ. ಬಾಜು ಮನೆಯವರು ಹೆದರಿ ಕದ ಹಾಕಿಕೊಂಡರು. ಹಂಡೆಯಲ್ಲಿ ಹನಿ ನೀರಿಲ್ಲ. ಮಗನ ಕಣ್ಣು ಗುಳಿ ಬಿದ್ದಿತ್ತು, ಅತ್ತರೆ ಕಣ್ಣೀರು ಬರುತ್ತಿರಲಿಲ್ಲ. ಸುದ್ದಿ ಕೇಳಿ ನಡುಮಧ್ಯಾಹ್ನ ಬಂದ ನರ್ಸಬಾಯಿಯವರು ಅವನ ಹೊಟ್ಟೆಯ ಚರ್ಮ ಚಿವುಟಿ ನೋಡಿದರು, ಕೂಡಲೇ ಹೊರಬಿದ್ದರು. ಆ ಬಿಸಿಲಲ್ಲಿ ಕೆರೆಯ ಬಳಿ ನೀರು ಹೊಯ್ಯುವವರು ಯಾರಿದ್ದಾರು... ತಾವೇ ಮೆಟ್ಟಿಲಿಳಿದು ಕೊಡ ತುಂಬಿಕೊಂಡು ಬಂದರು.

ಆ ನೀರು ಕಾಸಿ, ಉಪ್ಪು-ಸಕ್ಕರೆ ಹಾಕಿ, ಸಂಜೆಯವರೆಗೆ ಚಮಚದಲ್ಲಿ ಕುಡಿಸಿದರು. ಮಡಿ ಬಿಡದ ಅತ್ತೆ ಮುಖ ತಿರುವಿದಾಗ, "ನಿಮ್ಮ ದೇವರ ಹೆಸರು ತಗೊಂಡು ಕುಡೀರಿ, ಯವ್ವಾ. ನನ್ನ ದೇವರು ಏನೂ ಅನ್ನಾಂಗಿಲ್ಲ" ಎಂದರು. ಅತ್ತೆ ಕುಡಿದರು. ನಾನೂ ಕುಡಿದೆ. ಮಗ ಬದುಕಿದ.

ಕೆರೆಗಿಳಿದದ್ದನ್ನು ಯಾರೋ ಕಂಡಿದ್ದರು. ಎರಡು ದಿನಕ್ಕೆ, ನಾವಿನ್ನೂ ಗೋಡೆ ಹಿಡಿದು ನಡೆಯುತ್ತಿರುವಾಗ, ಗೌಡರು ಹಿರಿಯರನ್ನು ಕೂಡಿಸಿಕೊಂಡು ನಮ್ಮ ಅಂಗಳಕ್ಕೆ ಬಂದರು. ನರ್ಸಬಾಯಿಯವರನ್ನೂ ಕರೆಸಿ ನಿಲ್ಲಿಸಿದ್ದರು. ನಾಯಿ ಬಾಯಿ ಹಾಕಿದರೆ ಕೆಡದ ಕೆರೆ ಅವರ ಪಾದ ತಾಗಿ ಕೆಟ್ಟಿತ್ತಂತೆ! "ಈಕಿ ತಂದ ನೀರು ಕುಡಿದವರಿಗೂ ಕೆರಿ ಬಂದ್" ಅಂದರು ಗೌಡರು. "ಹೇಳ್ರಿ, ಕುಡದೀರೇನು?"

ಕೆರೆ ತಪ್ಪಿದರೆ ಈ ಊರಲ್ಲಿ ನಾಲ್ಕು ದಿನ ಬಾಳಲಾಗದು. ಅತ್ತೆ ನನ್ನ ಮುಖ ನೋಡಿದರು. ಅವರು ನಮ್ಮಲ್ಲೇ ಬಿಟ್ಟುಹೋಗಿದ್ದ ಕೊಡ ಒಳಗೆ ಸಗಣಿ ಕುಳ್ಳಿನ ರಾಶಿಯ ಹಿಂದಿತ್ತು. ಊರಲ್ಲಿ ಗುಸುಗುಸು ಎದ್ದದ್ದು ಕೇಳಿ ಬೆಳಿಗ್ಗೆಯೇ ನಾನು ಬಚ್ಚಿಟ್ಟಿದ್ದೆ.

"ಇಲ್ರಿ" ಅಂದೆ. "ನಾವು ಬ್ಯಾಡಂದ್ವಿ. ಚೆಲ್ಲಿಬಿಟ್ವಿ."

"ಖರೇನು?" ಎಂದು ಗೌಡರು ನರ್ಸಬಾಯಿಯವರನ್ನು ಕೇಳಿದರು. ಅವರು ನನ್ನ ಕಂಕುಳಲ್ಲಿದ್ದ ಮಗನನ್ನು ಒಂದು ಗಳಿಗೆ ನೋಡಿದರು.

"ಖರೇರಿ. ಅವರು ಕುಡದಿಲ್ಲ."

ಸುಳ್ಳಾಡುವುದು ಪಾಪವೆಂದು ನಂಬಿದ್ದ ಜೀವ ಅದು. ನನ್ನ ಸುಳ್ಳಿಗೆ ತನ್ನದನ್ನೂ ಸೇರಿಸಿತು.

ಆಮೇಲೆ ಯಾರೂ ಅವರಿಗೆ ನೀರು ಹೊಯ್ಯಲಿಲ್ಲ. ಮೂರು ದಿನ ಬಕೀಟು ಹಿಡಿದು ಅದೇ ಕಲ್ಲಿನ ಬಳಿ ನಿಂತರು. ಮೂರನೆಯ ದಿನ ನಾನು ತುಂಬಿದ ಕೊಡ ಹೊತ್ತು ಅವರ ಮುಂದೆಯೇ ಮೆಟ್ಟಿಲೇರಿ ಬಂದೆ. "ಕೂಸು ಹೆಂಗದ, ತಂಗಿ?" ಎಂದು ಮೆಲ್ಲಗೆ ಕೇಳಿದರು. ಉತ್ತರ ಕೊಡದೆ ನಡೆದುಬಿಟ್ಟೆ... ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಎನ್ನುತ್ತಾರೆ. ಅಂಬಿಗನನ್ನೇ ಹೊಳೆಗೆ ನೂಕಿದವಳು ನಾನು. ನಾಲ್ಕನೆಯ ದಿನ ಅವರು ಅಣ್ಣಿಗೇರಿ ಬಸ್ಸು ಹತ್ತಿ ಹೋದರು. ಕೊಡ ಕೇಳಲು ಅವರು ಬರಲಿಲ್ಲ, ಕೊಟ್ಟು ಬರಲು ನಾನು ಹೋಗಲಿಲ್ಲ.

ಈಗ ಅಡುಗೆಮನೆಗೇ ನಳ ಬಂದಿದೆ. ಗೌಡರಿಲ್ಲ, ಅತ್ತೆಯಿಲ್ಲ. ಆ ಮಗನ ತಲೆ ನರೆತಿದೆ. ಕೊಡ ನೋಡಿ, "ಗುಜರಿಗೆ ಹಾಕ್ರಿ ಅದನ್ನ" ಅಂದ. ನನಗೆ ಸಿಟ್ಟು ಬಂತು, ಅವನ ಮೇಲಲ್ಲ. "ನೀ ಉಳದಿದ್ದು ಈ ಕೊಡದ ನೀರಿಂದ" ಎಂದು, ಅಷ್ಟು ವರ್ಷ ನುಂಗಿಕೊಂಡದ್ದನ್ನೆಲ್ಲ ಹೇಳಿದೆ. ಅವನು ಕೊಡವನ್ನು ತನ್ನ ಬಳಿ ಎಳೆದುಕೊಂಡು ಅದರ ಸವೆದ ಅಂಚು ಸವರಿದ. ಆಮೇಲೆ, "ಅವರ ಹೆಸರೇನವಾ?" ಅಂತ ಕೇಳಿದ.

ನರ್ಸಬಾಯಿ ಅಂತಿದ್ದೆವು. ಹೆಸರನ್ನು ಊರಲ್ಲಿ ಯಾರೂ ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ.