ಚೆಂಡು ಗಾಳಿಯಲ್ಲಿದ್ದಾಗ ನಿಂತ ಮಾತು

ನಾನು ಚಿಕ್ಕವಳಿದ್ದಾಗ ಒಂದು ಮಧ್ಯಾಹ್ನ ಹೆದರಿದ ಹೆದರಿಕೆ ಈಗಲೂ ನನ್ನನ್ನು ಬಿಟ್ಟಿಲ್ಲ. ಹೋದ ಭಾನುವಾರ ವಾಲಿಬಾಲ್ ನೋಡಲು ಹೋದಾಗ ನಾನು ಗ್ಯಾಲರಿಯ ಅಡಿಗೆ ಬಗ್ಗಿ ನೋಡಿದ್ದಕ್ಕೆ ನೀವಿಬ್ಬರೂ ನಕ್ಕಿರಲ್ಲ, "ಅಜ್ಜಿ, ಅಲ್ಲಿ ಎಂತ ಹುಡುಕುದು?" ಎಂದು ಕೇಳಿದಿರಲ್ಲ, ಅದಕ್ಕೆ ಉತ್ತರ ಇದು. ಆ ಭಾನುವಾರ ಆಟಕ್ಕೆ ಮುಂಚೆ ಎಲ್ಲರೂ ಎದ್ದು ನಿಂತು, ತೀರಿಹೋದ ಹಿರಿಯರೊಬ್ಬರಿಗಾಗಿ ಸ್ವಲ್ಪ ಹೊತ್ತು ಮೌನವಾಗಿದ್ದೆವು. ಅವರನ್ನು ನಾವು ಮೈಕಿನ ಮಾವ ಎನ್ನುತ್ತಿದ್ದೆವು.

ಅವರು ನಮಗೆ ಯಾವ ಲೆಕ್ಕದಲ್ಲೂ ಮಾವನಲ್ಲ, ಊರಿಗೆಲ್ಲ ಮಾವ. ನಮ್ಮೂರು ಕಾರಡ್ಕದ ಸುತ್ತಮುತ್ತ ಎಲ್ಲಿ ವಾಲಿಬಾಲ್ ನಡೆದರೂ ಮೈಕ್ ಹಿಡಿದು ಆಟ ವಿವರಿಸುವವರು ಅವರೇ. ಕನ್ನಡದಲ್ಲಿ ಶುರು ಮಾಡಿ, ತುಳುವಿನಲ್ಲಿ ತಮಾಷೆ ಮಾಡಿ, ಮಲಯಾಳದಲ್ಲಿ ಪಾಯಿಂಟ್ ಹೇಳುತ್ತಿದ್ದರು. ಮಳೆ ಹನಿದರೂ, ಬಾಯಿಗೆ ನೊಣ ಹೊಕ್ಕರೂ, ಚೆಂಡು ಗಾಳಿಯಲ್ಲಿದ್ದಾಗ ಮಾತು ನಿಲ್ಲಿಸಿದವರಲ್ಲ. ಅದು ನೆಲ ಮುಟ್ಟಿದ ಮೇಲೆಯೇ ಅವರು ಚಹಾದ ಲೋಟ ಮುಟ್ಟುತ್ತಿದ್ದದ್ದು. ನನ್ನ ಕಣ್ಣಿಗಿಂತ ಆ ಸ್ವರದ ಮೇಲೆ ನನಗೆ ಹೆಚ್ಚು ನಂಬಿಕೆ.

ನಾನು ಹೆದರಿದ ಆ ದಿನ ಕೊಯ್ಲು ಮುಗಿದ ಗದ್ದೆಯಲ್ಲಿ ಕಾರಡ್ಕಕ್ಕೂ ಪಕ್ಕದೂರು ಅಡೂರಿಗೂ ಫೈನಲ್. ಅಡಿಕೆ ಮರದ ಕಂಬ ನೆಟ್ಟು, ಅಡ್ಡಕ್ಕೆ ಅದೇ ಮರದ ಸೀಳುಗಳನ್ನು ಹಲಗೆಯ ಹಾಗೆ ಹಾಸಿ, ತೆಂಗಿನ ಹಗ್ಗದಿಂದ ಬಿಗಿದ ಗ್ಯಾಲರಿ. ಅಕ್ಕನಿಗೆ ಎಲ್ಲಿ ಹೋದರೂ ತುದಿಯೇ ಬೇಕು. ನನ್ನನ್ನು ಎಳೆದುಕೊಂಡು ಎಲ್ಲಕ್ಕಿಂತ ಮೇಲಿನ ಸಾಲಿಗೆ ಹತ್ತಿಸಿದಳು. ಅಷ್ಟು ಎತ್ತರದ ಬಿಸಿಲಿಗೆ ಬೇರೆ ಯಾರೂ ಹತ್ತಿರಲಿಲ್ಲ. ಎದುರು ಬದಿಯಲ್ಲಿ ಮೈಕಿನ ಮೇಜು. ಅದರ ಪಕ್ಕದಲ್ಲಿ ಬ್ಯಾಟರಿ ನೋಡಿಕೊಳ್ಳುತ್ತಾ ಅಪ್ಪ ಕೂತಿದ್ದರು. ಬಿಸಿಲಿಗೆ ಕಾದ ಒಣ ಹುಲ್ಲಿನ ವಾಸನೆ, ಹುರಿದ ನೆಲಗಡಲೆಯ ವಾಸನೆ, ಜನರ ಬೆವರು, ಎಲ್ಲ ಸೇರಿ ಹಬ್ಬದ ಹಾಗಿತ್ತು.

ಅಡೂರಿನವನೊಬ್ಬ ಚೆಂಡನ್ನು ಆಕಾಶಕ್ಕೆ ಎತ್ತಿದ. "ಏರಿತು, ಏರಿತು, ಈಗ ಇಳೀತದೆ, ಕಾರಡ್ಕದವರು ಕೈ ಒಡ್ಡಿದ್ದಾರೆ" ಎನ್ನುತ್ತಿದ್ದ ಮಾವನ ಸ್ವರ ಅಲ್ಲಿಗೇ ನಿಂತಿತು. ಚೆಂಡು ಇನ್ನೂ ಮೇಲಿತ್ತು. ನಾನು ಮೈಕಿನ ಮೇಜಿನ ಕಡೆ ತಿರುಗಿದೆ. ಮಾವ ಚೆಂಡನ್ನು ನೋಡುತ್ತಿರಲಿಲ್ಲ, ನಮ್ಮ ಕಾಲ ಕೆಳಗೆ ನೋಡುತ್ತಿದ್ದರು. ಆಗ ಕೇಳಿತು, ಅಡಿಯಿಂದ ಹಗ್ಗ ಕಿರ್ರೆನ್ನುವ ಸದ್ದು. ಮೇಲಿನ ಗದ್ದೆಗೆ ಬಿಟ್ಟ ನೀರು ಒಸರಿ ಬಂದು ಮೂಲೆಯ ಕಂಬದ ಬುಡ ಮೆತ್ತಗಾಗಿತ್ತು. ಕೂತ ಸೀಳು ಒಂದು ಬದಿಗೆ ಮೆಲ್ಲಗೆ ಇಳಿಯಿತು.

ಅಪ್ಪನಿಗೂ ಅದು ಕಂಡಿತು. ಅವರು ಧಡಕ್ಕನೆ ಎದ್ದರು. ಅಷ್ಟರಲ್ಲಿ ಮಾವ ಒಂದು ಕೈಯಲ್ಲಿ ಮೈಕ್ ಹಿಡಿದು, ಇನ್ನೊಂದು ಕೈಯಲ್ಲಿ ಅಪ್ಪನ ಅಂಗಿಯನ್ನು ಗಟ್ಟಿಯಾಗಿ ಹಿಡಿದುಕೊಂಡರು. ಅಪ್ಪ ಓಡಿದರೆ ಎಲ್ಲರೂ ಓಡುತ್ತಾರೆ ಎಂದು ಅವರಿಗೆ ಗೊತ್ತಿತ್ತು. ನನಗೆ ಗೊತ್ತಿರಲಿಲ್ಲ. ನಮ್ಮ ಅಪ್ಪನನ್ನು ನಮ್ಮ ಹತ್ತಿರ ಬರಲು ಬಿಡದ ಮನುಷ್ಯನ ಮೇಲೆ ನನಗೆ ಕೆಟ್ಟ ಕೋಪ ಬಂತು.

ಮಾವ ನಗುತ್ತಾ ಹೇಳಿದರು, "ಕೆಳಗಿನ ಸಾಲಿನವರು ಎದ್ದು ಬನ್ನಿ ಮಾರಾಯ್ರೆ, ಇಲ್ಲಿ ಗೆರೆಯ ಹತ್ತಿರ ಕೂತ್ಕೊಳ್ಳಿ. ಇಷ್ಟು ಒಳ್ಳೆ ಆಟವನ್ನು ಅಷ್ಟು ದೂರದಿಂದ ನೋಡುದು ಎಂತಕ್ಕೆ?" ಜನ ನಗುತ್ತಾ ಇಳಿದರು. ಆಮೇಲೆ ನಡುವಿನವರನ್ನು ಕರೆದರು. ಕೆಳಗೆ ದಾರಿ ಬಿಡಿಸದೆ ನಾವು ಇಳಿಯುವಂತಿರಲಿಲ್ಲ ಎಂದು ಈಗ ತಿಳಿಯುತ್ತದೆ, ಆಗ ನನಗೆ ಕಂಡದ್ದು ನಮ್ಮ ಸಾಲನ್ನು ಕರೆಯಲೇ ಇಲ್ಲ ಎಂಬುದು ಮಾತ್ರ. ಸೀಳು ಇನ್ನಷ್ಟು ವಾಲಿತು. ಅಕ್ಕನ ಉಗುರು ನನ್ನ ಕೈಗೆ ನಾಟಿತ್ತು. ನಮ್ಮನ್ನು ಮರೆತೇಬಿಟ್ಟರು ಎಂದು ನಾನು ಕೂಗಲು ಬಾಯಿ ತೆರೆದೆ.

"ಮೇಲೆ ಕೆಂಪು ಲಂಗದ ಪುಟ್ಟಿ" ಎಂದಿತು ಮೈಕ್. ನನ್ನ ಬಾಯಿ ಹಾಗೇ ಮುಚ್ಚಿಹೋಯಿತು. "ನಿನ್ನನ್ನು ನಾನು ನೋಡ್ತಾ ಇದ್ದೇನೆ. ಅಕ್ಕನ ಕೈ ಹಿಡ್ಕೊಂಡು ನಿಧಾನ ಬಾ. ಓಡುದು ಆಟಗಾರರ ಕೆಲಸ, ನಮಗೆ ಅವಸರ ಎಂತದೂ ಇಲ್ಲ."

ನಾವು ಇಳಿದೆವು. ಅಕ್ಕ ಒಂದೊಂದು ಸೀಳನ್ನೂ ಪಾದದಿಂದ ಒತ್ತಿ ನೋಡುತ್ತಿದ್ದಳು, ಕೆಳಗಿನ ಸಂದಿಯಲ್ಲಿ ಕತ್ತಲೆ ಕಾಣುತ್ತಿತ್ತು. ಕಾಲಿಗೆ ಮಣ್ಣು ತಾಗಿ ನಾಲ್ಕು ಹೆಜ್ಜೆ ಹೋಗುವಷ್ಟರಲ್ಲಿ ಹಿಂದಿನಿಂದ ಹಗ್ಗ ಹರಿದ ಸದ್ದು ಬಂತು. ಖಾಲಿ ಗ್ಯಾಲರಿ ಒಂದು ಬದಿಗೆ ಕುಸಿದು ಮಲಗಿತು. ಯಾರಿಗೂ ಏನೂ ಆಗಲಿಲ್ಲ. ಆಗ ಮಾವ ಅಪ್ಪನ ಅಂಗಿ ಬಿಟ್ಟರು. ಅಪ್ಪ ಓಡಿ ಬಂದು ನಮ್ಮಿಬ್ಬರನ್ನೂ ಒಟ್ಟಿಗೆ ಅಪ್ಪಿಕೊಂಡರು. ಅಂಗಿಯ ಎರಡು ಗುಂಡಿ ಕಿತ್ತುಹೋಗಿದ್ದವು. ಮಾವ ಕುರ್ಚಿಯ ಮೇಲೆ ಕುಸಿದು ಕೂತು ನೀರು ಕುಡಿಯಹೋದರು. ಲೋಟ ಬಾಯಿಗೆ ಸರಿಯಾಗಿ ತಾಗದೆ ನೀರೆಲ್ಲ ಎದೆಯ ಮೇಲೆ ಚೆಲ್ಲಿತು. ಅಷ್ಟು ಹೊತ್ತೂ ಅವರೂ ನನ್ನ ಹಾಗೆಯೇ ಹೆದರಿದ್ದರು ಎಂದು ನನಗೆ ತಿಳಿದದ್ದು ಆಗಲೇ. ಸ್ವಲ್ಪ ಹೊತ್ತಾದ ಮೇಲೆ ಮೈಕ್ ಕೆಮ್ಮಿತು. "ಆಗ ಮೇಲೆ ಹೋದ ಚೆಂಡು ಔಟ್. ಪಾಯಿಂಟ್ ಕಾರಡ್ಕಕ್ಕೆ." ಅಕ್ಕ ಅಲ್ಲಿಯವರೆಗೆ ಅತ್ತಿರಲಿಲ್ಲ, ಅದನ್ನು ಕೇಳಿ ಅತ್ತಳು.

ನಿಮ್ಮ ಕಾಲ ಬೇರೆ. ಗ್ಯಾಲರಿ ಕಬ್ಬಿಣದ್ದು. ಎಲ್ಲೋ ದೂರದೇಶದ ಆಟವನ್ನು ಅಂಗೈಯ ಫೋನಿನಲ್ಲಿ ನೋಡುತ್ತೀರಿ, ಕಿವಿಯೊಳಗೇ ಕಮೆಂಟ್ರಿ ಕೇಳುತ್ತೀರಿ. ಆ ಕಮೆಂಟ್ರಿಯವರು ಚಂದವೇ ಹೇಳುತ್ತಾರೆ, ನಾನೂ ಕೇಳಿದ್ದೇನೆ. ಆದರೆ ಅವರಿಗೆ ಚೆಂಡು ಮಾತ್ರ ಕಾಣುತ್ತದೆ, ನೀವು ಕಾಣುವುದಿಲ್ಲ.

ಮೊನ್ನೆ ಭಾನುವಾರ ಆ ಮೌನದ ಹೊತ್ತಿನಲ್ಲಿ ಮೇಜಿನ ಮೇಲಿದ್ದ ಮೈಕ್ ಸುಮ್ಮನಿತ್ತು. ನನಗೆ ಮತ್ತೆ ಅದೇ ಹೆದರಿಕೆ ಹುಟ್ಟಿತು. ಆಟದ ನಡುವೆ ತಲೆ ತಿರುಗಿಸಿ ನಮ್ಮ ಕಾಲ ಕೆಳಗೆ ನೋಡುತ್ತಿದ್ದವರು ಇನ್ನಿಲ್ಲ. ಹಾಗಾಗಿ ನಾನೇ ಬಗ್ಗಿ ನೋಡಿದೆ. ಮೇಲಿನ ಸಾಲಿನಲ್ಲಿ ನೀವಿಬ್ಬರು ಕೂತಿದ್ದಿರಿ.