ಹೆಡ್‌ಲೈಟ್ ಬದಲಾಯಿಸಿದ ಭಾನುವಾರ

ನಮ್ಮ ಮದುವೆಯಾಗಿ ಎಂಟು ತಿಂಗಳಾಗಿದ್ದಾಗ ನನ್ನ ಗಂಡನ ಬೈಕಿನ ಹೆಡ್‌ಲೈಟ್ ಒಡೆಯಿತು. ಬನ್ನಿಮಂಟಪದ ಹತ್ತಿರ ಸೌದೆ ತುಂಬಿದ್ದ ಟೆಂಪೋ ಒಂದು ಹಿಂದಕ್ಕೆ ಬಂದು ಗುದ್ದಿತ್ತು. ಅವರಿಗೆ ಏನೂ ಆಗಲಿಲ್ಲ. ಗಾಜು ಪುಡಿಯಾಗಿ, ದೀಪ ಕೂರುವ ತಗಡಿನ ಬಟ್ಟಲು ನೆಗ್ಗಿ, ಒಳಗಿನ ತಂತಿಗಳು ಕಿತ್ತುಕೊಂಡು ಹೊರಗೆ ನೇತಾಡುತ್ತಿದ್ದವು.

ಆಗ ನಾವು ಕೆಸರೆಯಲ್ಲಿ ಬಾಡಿಗೆ ಮನೆಯಲ್ಲಿದ್ದೆವು. ತೊಂಬತ್ತರ ದಶಕದ ನಡುಭಾಗ. ಅವರು ಒಂದು ಕಾರ್ಖಾನೆಯಲ್ಲಿ ಫಿಟ್ಟರ್. ಅದೇ ವಾರ ಅವರಿಗೆ ಬಡ್ತಿಯ ಆರ್ಡರ್ ಬಂದಿತ್ತು. ಸೋಮವಾರದಿಂದ ಎಲೆಕ್ಟ್ರಿಕಲ್ ವಿಭಾಗಕ್ಕೆ ಹೋಗಬೇಕು. ಬೀದಿಯವರಿಗೆಲ್ಲ ಸಕ್ಕರೆ ಹಂಚಿ ಬಂದಿದ್ದೆ. ಅವರು ಮಾತ್ರ ಯಾಕೋ ಮಂಕಾಗಿದ್ದರು. ಹೊಸ ಜಾಗ, ಹೊಸ ಜನ, ಅದಕ್ಕೇ ಇರಬೇಕು ಅಂದುಕೊಂಡಿದ್ದೆ.

ಭಾನುವಾರ ಊಟ ಮುಗಿಸಿ, ಗುಜರಿ ಅಂಗಡಿಯಿಂದ ತಂದಿದ್ದ ಹೆಡ್‌ಲೈಟ್ ಹಿಡಿದುಕೊಂಡು ಅಂಗಳದಲ್ಲಿ ಕೂತರು. ಸಂಜೆ ನಜರ್‌ಬಾದಿನ ನನ್ನ ತವರಿಗೆ ಹೋಗುವುದಿತ್ತು. ಒಂದು ಗಂಟೆಯ ಕೆಲಸ ಎಂದಿದ್ದರು. ಮೂರಾಯಿತು, ನಾಲ್ಕಾಯಿತು. ಪ್ರತಿ ಸಲ ಕೀ ತಿರುಗಿಸಿದ ಕೂಡಲೇ ಪುಟ್ಟ ಗಾಜಿನ ಫ್ಯೂಸಿನೊಳಗೆ ಮಿಂಚಿದಂತಾಗಿ ಅದು ಸುಟ್ಟು ಕಪ್ಪಾಗುತ್ತಿತ್ತು. ಮನೆಯಲ್ಲಿದ್ದ ಮೂರೂ ಫ್ಯೂಸ್ ಹಾಗೇ ಹೋದವು. ಭಾನುವಾರ, ಅಂಗಡಿಗಳೆಲ್ಲ ಮುಚ್ಚಿದ್ದವು.

"ನಾಳೆ ಮೆಕ್ಯಾನಿಕ್ಕಿಗೆ ಕೊಡಿ ರೀ," ಎಂದೆ.

"ನಾಳೆ ಎಲೆಕ್ಟ್ರಿಕಲ್‌ಗೆ ಹೋಗೋನು ಇವತ್ತು ಒಂದು ಲೈಟ್ ಹಾಕಕ್ಕಾಗಲ್ಲ ಅಂತ ಮೆಕ್ಯಾನಿಕ್ ಹತ್ರ ಹೋಗ್ಲಾ?" ಎಂದು ರೇಗಿದರು. ಅವರು ನನ್ನ ಮೇಲೆ ದನಿ ಎತ್ತಿದ್ದು ಅದೇ ಮೊದಲು.

ಆಮೇಲೆ ಮಾಡಬಾರದ್ದನ್ನು ಮಾಡಿದರು. ಹಳೇ ವೈರಿನಿಂದ ತಾಮ್ರದ ಎಳೆಗಳನ್ನು ಎಳೆದು, ಸುಟ್ಟ ಫ್ಯೂಸಿಗೆ ಸುತ್ತಿ, ಅದರ ಜಾಗದಲ್ಲಿ ಕೂರಿಸಿ ಕೀ ತಿರುಗಿಸಿದರು. ಈ ಸಲ ಏನೂ ಮಿಂಚಲಿಲ್ಲ. ಪೆಟ್ರೋಲ್ ಟ್ಯಾಂಕಿನ ಅಡಿಯಿಂದ ಬಿಳಿ ಹೊಗೆ ಸಣ್ಣಗೆ ಎದ್ದಿತು. ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ಮೂಗಿಗೆ ಅಡರಿತು.

"ರೀ, ಹೊಗೆ! ಟ್ಯಾಂಕ್ ಹತ್ರ!"

ಅವರು ಕೀ ಆಫ್ ಮಾಡಿದರು. ಹೊಗೆ ನಿಲ್ಲಲಿಲ್ಲ. ಪಕ್ಕದ ಮುಚ್ಚಳ ಕಿತ್ತೆಸೆದು, ಬ್ಯಾಟರಿಯ ವೈರಿಗೆ ಬರಿಗೈ ಹಾಕಿ ಎಳೆದರು. ಅದು ಬಿಟ್ಟುಬಂತು. ನಾನು ಬಕೆಟ್ಟಿನಲ್ಲಿ ಮರಳು ತುಂಬಿಕೊಂಡು ನಿಂತಿದ್ದೆ. ಯಾವಾಗ ತುಂಬಿಕೊಂಡೆನೋ ಗೊತ್ತಿಲ್ಲ. ಅವರ ಎರಡು ಬೆರಳ ತುದಿಗಳಲ್ಲಿ ಬೊಬ್ಬೆ ಎದ್ದಿತ್ತು.

ಬೆರಳಿಗೆ ತಣ್ಣೀರು ಹಾಕುತ್ತಾ ಕೇಳಿದೆ, "ಯಾವುದಕ್ಕೆ ಯಾವುದನ್ನ ಸೇರಿಸಿದ್ರಿ?"

"ಹಸಿರಿಗೆ ಹಸಿರು. ಹಸಿರು ಅರ್ತ್ ವೈರು, ಕರೆಂಟು ವಾಪಸ್ ಹೋಗೋ ದಾರಿ. ಹೊಸ ಲೈಟಲ್ಲಿ ಅದನ್ನ ತಗಡಿಗೇ ಸ್ಕ್ರೂ ಮಾಡವ್ರೆ. ಕೆಂಪಲ್ಲಿ ಕರೆಂಟು ಬರುತ್ತೆ. ಸರಿಯಾಗೇ ಇದೆಯಲ್ಲ."

ನಾನು ಬಗ್ಗಿ ನೋಡಿದೆ. ಹೊಸ ಲೈಟಿನ ಹಸಿರು ವೈರನ್ನು ಬೈಕಿನ ಕೆಂಪು ವೈರಿಗೆ ಸೇರಿಸಿ, ಮೇಲೆ ಅಚ್ಚುಕಟ್ಟಾಗಿ ಟೇಪು ಸುತ್ತಿದ್ದರು. ಕರೆಂಟು ಬಲ್ಬಿಗೆ ಹೋಗದೆ ನೇರ ತಗಡಿಗೇ ಹರಿಯುತ್ತಿತ್ತು.

"ಇದು ಕೆಂಪು ಕಣ್ರೀ."

"ಯಾವುದು?"

ತಮಾಷೆ ಮಾಡುತ್ತಿದ್ದಾರೆ ಎಂದುಕೊಂಡೆ. ಮುಖ ನೋಡಿದೆ. ತಮಾಷೆಯಲ್ಲ. ಕೆಳಗೆ ಬಿದ್ದಿದ್ದ ಎರಡು ತುಂಡು ವೈರು ಎತ್ತಿ ಹಿಡಿದೆ. "ಇದರಲ್ಲಿ ಕೆಂಪು ಯಾವುದು, ಹೇಳಿ."

ಅವರು ವೈರುಗಳನ್ನು ನೋಡಲಿಲ್ಲ, ನನ್ನನ್ನೇ ನೋಡಿದರು. ಆಮೇಲೆ ತಲೆ ತಗ್ಗಿಸಿ, "ಎರಡೂ ಒಂದೇ ತರ ಕಾಣುತ್ತೆ ಕಣೇ," ಎಂದರು.

ಒಂದೊಂದೇ ಹೊರಬಂತು. ರಸ್ತೆಯ ಸಿಗ್ನಲ್ಲಿನಲ್ಲಿ ಮೇಲಿನದು ಹತ್ತಿದರೆ ನಿಲ್ಲಬೇಕು, ಕೆಳಗಿನದು ಹತ್ತಿದರೆ ಹೋಗಬೇಕು, ಅಷ್ಟೇ ಅವರಿಗೆ ಗೊತ್ತು. ಕೆಲಸಕ್ಕೆ ಸೇರುವಾಗ ಡಾಕ್ಟರು ಬಣ್ಣದ ಚುಕ್ಕೆಗಳ ಪುಸ್ತಕ ತೋರಿಸಿ, ಒಳಗಿರುವ ನಂಬರು ಓದು ಎಂದಿದ್ದರಂತೆ. "ನನ್ನ ಮುಂದಿದ್ದೋನು ಓದಿದ್ದನ್ನ ಬಾಯಿಪಾಠ ಮಾಡ್ಕೊಂಡು ಹೇಳ್ಬುಟ್ಟೆ. ಫಿಟ್ಟಿಂಗಲ್ಲಿ ಬಣ್ಣ ಯಾರಿಗೆ ಬೇಕು?"

"ನಾಳೆಯಿಂದ?"

"ಹೆಂಗೋ ಗುರುತು ಇಟ್ಕೋತೀನಿ. ಕೇಳಿ ಮಾಡ್ತೀನಿ."

ನನಗೆ ಸಿಟ್ಟು ಬಂತೋ ಹೆದರಿಕೆಯಾಯಿತೋ ಹೇಳಲಾರೆ. "ಇಲ್ಲಿ ಫ್ಯೂಸ್ ಹೋಯ್ತು. ಅಲ್ಲಿ ನೀವೇ ಹೋಗ್ತೀರ," ಎಂದುಬಿಟ್ಟೆ. ಅಂದ ಮೇಲೆ ನಾಲಿಗೆ ಕಚ್ಚಿಕೊಂಡೆ. ಅವರು ಸ್ಪ್ಯಾನರ್ ಕೈಗೆತ್ತಿಕೊಂಡರು.

ಸುಟ್ಟ ವೈರನ್ನು ಕತ್ತರಿಸಿ ಬೇರೆಯದನ್ನು ಹಾಕಿದೆವು. ನಾನು ಬಣ್ಣ ಹೇಳುವುದು, ಅವರು ಸೇರಿಸುವುದು. ಪ್ರತಿಯೊಂದನ್ನೂ ಇಂಡಿಕೇಟರಿನ ಸಣ್ಣ ಬಲ್ಬಿಗೆ ಎರಡು ವೈರು ಕಟ್ಟಿ ಪರೀಕ್ಷೆ ಮಾಡಿದರು. ಬಲ್ಬು ಹತ್ತಿದರೆ ಕರೆಂಟು ಇದೆ, ಇಲ್ಲದಿದ್ದರೆ ಇಲ್ಲ. ಎದುರು ಮನೆಯ ಸ್ಕೂಟರಿನಿಂದ ಒಂದು ಫ್ಯೂಸ್ ಕಡ ತಂದೆ. ಅವರು ಅದನ್ನು ಕೂರಿಸುವಾಗ ನಾನು ಕಣ್ಣು ಮುಚ್ಚಿಕೊಂಡೆ. ಕೀ ತಿರುಗಿದ ಸದ್ದು ಕೇಳಿತು. ಕಣ್ಣು ತೆರೆದಾಗ ಕಾಂಪೌಂಡ್ ಗೋಡೆಯ ಮೇಲೆ ಹಳದಿ ಬೆಳಕು ಬಿದ್ದಿತ್ತು.

ನಜರ್‌ಬಾದಿಗೆ ಹೋದೆವು. ದಾರಿಯುದ್ದಕ್ಕೂ ಅವರ ಭುಜ ಗಟ್ಟಿಯಾಗಿ ಹಿಡಿದು, ಪ್ರತಿ ಸಿಗ್ನಲ್ಲಿನಲ್ಲೂ ಯಾವ ದೀಪ ಹತ್ತಿದೆಯೆಂದು ನಾನೂ ನೋಡುತ್ತಾ ಕೂತಿದ್ದೆ. ಅವರು ಎಲ್ಲೂ ತಪ್ಪಲಿಲ್ಲ. ತವರಿನಲ್ಲಿ ಅಪ್ಪ ಬಡ್ತಿಯ ವಿಷಯ ತೆಗೆದಾಗ ಇಬ್ಬರೂ ತಟ್ಟೆ ನೋಡಿಕೊಂಡು ಊಟ ಮಾಡಿದೆವು.

ಸೋಮವಾರ ಸಂಜೆ ಬಂದವರು ಶೂ ಬಿಚ್ಚುತ್ತಾ, "ಹೇಳ್ಬುಟ್ಟೆ," ಎಂದರು. ಮೇಲಧಿಕಾರಿಯ ಕೋಣೆಗೆ ಹೋಗಿ ಎಲ್ಲವನ್ನೂ, ಡಾಕ್ಟರ ಪುಸ್ತಕದ ವಿಷಯವನ್ನೂ ಹೇಳಿದ್ದರು. ಆ ಅಧಿಕಾರಿ ಚೆನ್ನಾಗಿ ಬೈದು, ಕೆಲಸದಿಂದಲೇ ತೆಗೆಸುತ್ತೇನೆ ಎಂದು ಹೆದರಿಸಿ, ಕೊನೆಗೆ ಫಿಟ್ಟಿಂಗಿಗೇ ವಾಪಸ್ ಕಳಿಸಿದರಂತೆ. ಬಡ್ತಿ ಇನ್ನೊಬ್ಬರ ಪಾಲಾಯಿತು.

"ಬೇಜಾರಾಯ್ತಾ?"

"ಆಗ್ದೇ ಇರುತ್ತಾ?" ಎಂದರು. ಸುಮಾರು ಒಂದು ತಿಂಗಳು ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ನಾನು ಸುಮ್ಮನಿದ್ದಿದ್ದರೆ ಚೆನ್ನಾಗಿತ್ತೇನೋ ಎಂದು ಎಷ್ಟೋ ಸಲ ಅನಿಸಿತು. ಆ ಬೊಬ್ಬೆಯ ಬೆರಳು ಕಂಡಾಗ ಹಾಗನಿಸುತ್ತಿರಲಿಲ್ಲ.

ಮಾತು ಮತ್ತೆ ಸರಾಗವಾಗಿದ್ದು ಅತ್ತೆ ಊರಿಂದ ಬಂದಾಗ. ಅವರ ಎದುರಿಗೇ ನನ್ನ ಗಂಡ ವಿಷಯ ಹೇಳಿದರು. ಅತ್ತೆ ಸ್ವಲ್ಪವೂ ಬೆಚ್ಚಲಿಲ್ಲ, ಅವರೆಕಾಯಿ ಬಿಡಿಸುತ್ತಲೇ ಇದ್ದರು.

"ನಂಗೊತ್ತಿಲ್ವಾ? ಕೆಂಪಗಿರೋ ಅಣ್ಣು ಮೆಣಸಿನಕಾಯಿ ಕುಯ್ಕೊಂಡು ಬಾ ಅಂದ್ರೆ ಕಾಯೆಲ್ಲಾ ಕುಯ್ಕೊಂಡ್ ಬರೋನು. ಚಿಕ್ಕವನಾಗಿದ್ದಾಗಿಂದ್ಲೂ ಅಂಗೇ ಕಣವ್ವ."

"ಮದುವೆಗೆ ಮುಂಚೆ ಒಂದು ಮಾತು ಹೇಳಬಾರದಿತ್ತಾ ಅತ್ತೆ?"

"ಏಳಿದ್ರೆ ನಿಮ್ಮಪ್ಪ ಎಣ್ಣು ಕೊಡೋರಾ?" ಎಂದರು.

ನನ್ನ ಗಂಡ ಮೊದಲು ನಕ್ಕರು. ನನಗೆ ನಗು ಬರುವುದಕ್ಕೆ ಸ್ವಲ್ಪ ಹೊತ್ತು ಹಿಡಿಯಿತು.