ಶಿಫಾಳ ಎರಡು ವಯಸ್ಸು

ಮೊನ್ನೆ ಮಂಡಿ ತೋರಿಸಲು ದೋಹಾದ ಬಿನ್ ಮಹಮೂದಿನಲ್ಲಿ ನಮ್ಮ ಬೀದಿಯ ಕ್ಲಿನಿಕ್ಕಿಗೆ ಹೋಗಿದ್ದೆ. ಬಾಗಿಲ ಹತ್ತಿರ ಒಂದು ಯಂತ್ರ ನಿಲ್ಲಿಸಿದ್ದಾರೆ. ಒತ್ತಿದರೆ ನಾಲಿಗೆ ಚಾಚಿದ ಹಾಗೆ ಚೀಟಿ ಹೊರಗೆ ಬರುತ್ತದೆ. ವಿಮೆ ಇದ್ದವರಿಗೆ ಒಂದು ಅಕ್ಷರ, ಮೊದಲೇ ಫೋನು ಮಾಡಿದವರಿಗೆ ಇನ್ನೊಂದು, ನನ್ನ ಹಾಗೆ ನೋವು ತಡೆಯದೆ ಎದ್ದು ಬಂದವರಿಗೆ ಮತ್ತೊಂದು. ಉಳಿದ ಅಕ್ಷರದವರೆಲ್ಲ ಒಳಗೆ ಹೋದರು, ಔಷಧಿ ತೆಗೆದುಕೊಂಡರು, ಮನೆಗೂ ಹೋದರು. ನನ್ನ ಅಕ್ಷರ ಮಾತ್ರ ಗೋಡೆಯ ಹಲ್ಲಿಯ ಹಾಗೆ ಇದ್ದಲ್ಲೇ ಇತ್ತು. ಪಕ್ಕದಲ್ಲಿ ಕೂತಿದ್ದ ಮಲಯಾಳಿ ಹೆಂಗಸು ಎದ್ದು ಹೋಗಿ ಕೌಂಟರಿನವನಿಗೆ ಚೆನ್ನಾಗಿ ಬೈದು ಬಂದಳು. ನನಗೆ ಸಿಟ್ಟು ಬರಬೇಕಿತ್ತು, ನಗು ಬಂತು. ಅವಳು ನನ್ನನ್ನು ಒಂದು ತರಹ ನೋಡಿದಳು. ಮುದುಕಿಗೆ ಮಂಡಿಯಲ್ಲ, ಮಂಡೆಯೇ ಹಾಳಾಗಿದೆ ಎಂದುಕೊಂಡಿರಬೇಕು. ಅವಳಿಗೆ ಹೇಳಲು ಆಗದ್ದನ್ನು ನಿಮಗೆ ಹೇಳುತ್ತೇನೆ, ಕೂತುಕೊಳ್ಳಿ.

ನನ್ನ ಮಗ ಅಶ್ರಫ್ ಇಲ್ಲಿ ಲಾರಿಯ ಬಿಡಿಭಾಗ ಮಾರುವ ಕಂಪೆನಿಯಲ್ಲಿದ್ದಾನೆ. ಅವನ ಹೆಂಡತಿ ಜೊಹರಾ, ಅವರ ಒಬ್ಬಳೇ ಮಗಳು ಶಿಫಾ, ಮತ್ತು ನಾನು. ನಾವು ಮೂರು ಹೆಂಗಸರೂ ಅಶ್ರಫನ ವೀಸಾದ ಕೊಕ್ಕೆಗೆ ಚೀಲ ನೇತು ಹಾಕಿದ ಹಾಗೆ ನೇತಾಡಿಕೊಂಡು ಈ ಊರಿನಲ್ಲಿ ವರ್ಷಗಟ್ಟಲೆ ಕಳೆದೆವು. ಜೊಹರಾಳ ಅಣ್ಣ ಹಮೀದ್ ಮಾತ್ರ ನಮ್ಮ ಕರಾವಳಿಯವರು ಹೋಗುವ ಗಲ್ಫಿನ ದಾರಿ ಬಿಟ್ಟು ಅಮೆರಿಕಕ್ಕೆ ಹೋದ. ಅಲ್ಲಿಯ ಪ್ರಜೆಯಾದ ಮರುವಾರವೇ ತಂಗಿಯನ್ನು ಕರೆಸಿಕೊಳ್ಳಲು ಅರ್ಜಿ ಹಾಕಿದ. ಆಗ ಶಿಫಾ ಒಂದನೇ ಕ್ಲಾಸು. ಬಾಯಿಯಲ್ಲಿ ಮುಂದಿನ ಎರಡು ಹಲ್ಲು ಇರಲಿಲ್ಲ. ಆ ಹಲ್ಲು ಬಂತು, ಬುದ್ಧಿಹಲ್ಲೂ ಬಂತು. ವೀಸಾ ಬರಲಿಲ್ಲ.

ಯಾಕೆ ಬರುವುದಿಲ್ಲ ಎಂದು ನಾನು ಅಶ್ರಫನನ್ನು ಕೇಳಿದರೆ ಅವನು ಇಂಗ್ಲಿಷಿನಲ್ಲಿ ಏನೇನೋ ಹೇಳುತ್ತಿದ್ದ. ನಾನು ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಕೊನೆಗೆ ನಾನೇ ಅದನ್ನು ನಮ್ಮ ಮದುವೆ ಊಟದ ಲೆಕ್ಕಕ್ಕೆ ತಂದುಕೊಂಡು ಅರ್ಥ ಮಾಡಿಕೊಂಡೆ. ನಮ್ಮ ಕಡೆ ಮದುವೆಯಲ್ಲಿ ಎಲ್ಲರಿಗೂ ಒಮ್ಮೆಗೇ ಊಟ ಇಲ್ಲ. ಪಂಕ್ತಿ ಪಂಕ್ತಿಯಾಗಿ ಕೂರಿಸುವುದು. ಗಂಡಿನ ಕಡೆಯವರಿಗೆ ಮೊದಲು, ಆಮೇಲೆ ಹಿರಿಯರು, ಆಮೇಲೆ ನೆರೆಕರೆ, ಬೆಳಗಿನಿಂದ ಈರುಳ್ಳಿ ಹೆಚ್ಚಿದ ಮನೆಯವರು ಎಲ್ಲರಿಗಿಂತ ಕೊನೆಗೆ. ಅಮೆರಿಕದಲ್ಲೂ ಹಾಗೆಯೇ. ಅಲ್ಲಿಯ ಪ್ರಜೆಯ ಹೆಂಡತಿ, ಗಂಡ, ಸಣ್ಣ ಮಕ್ಕಳು, ತಂದೆತಾಯಿ ಇವರಿಗೆ ಪಂಕ್ತಿಯೇ ಇಲ್ಲ, ಸೀದಾ ಅಡುಗೆಮನೆಗೆ ಹೋಗಿ ತಟ್ಟೆ ಹಿಡಿದರೆ ಆಯಿತು. ದೊಡ್ಡವರಾದರೂ ಮದುವೆಯಾಗದ ಮಕ್ಕಳದು ಮೊದಲ ಪಂಕ್ತಿ. ಅಲ್ಲಿ ನೆಲೆಸಿದ್ದರೂ ಇನ್ನೂ ಪ್ರಜೆಯಾಗದವರ ಹೆಂಡತಿ ಮಕ್ಕಳದು ಎರಡನೆಯದು. ಪ್ರಜೆಗಳ ಮದುವೆಯಾದ ಮಕ್ಕಳದು ಮೂರನೆಯದು. ಅಣ್ಣತಮ್ಮ, ಅಕ್ಕತಂಗಿಯರದು ಕಟ್ಟಕಡೆಗೆ. ಮೇಲಿನ ಪಂಕ್ತಿಯಲ್ಲಿ ಉಳಿದ ತುಪ್ಪದನ್ನ ಕೆಳಗಿನ ಪಂಕ್ತಿಗೆ ಬರುತ್ತದೆ, ಸುಳ್ಳಲ್ಲ, ಆದರೆ ಉಳಿಯಬೇಕಲ್ಲ! ಸಾಲದ್ದಕ್ಕೆ ಯಾವ ದೇಶದವರೂ ಇಷ್ಟಕ್ಕಿಂತ ಹೆಚ್ಚು ತಟ್ಟೆ ಹಿಡಿಯಬಾರದು ಎಂದು ಅಳತೆ ಮಾಡಿಟ್ಟಿದ್ದಾರೆ. ನಾಲ್ಕು ಮಂದಿಯ ಮನೆಗೂ ನಾನ್ನೂರು ಮಂದಿಯ ಮನೆಗೂ ಒಂದೇ ಅಳತೆ. ನಮ್ಮ ದೇಶದಲ್ಲಿ ಅಣ್ಣತಂಗಿಯರಿಗೆ ಬರಗಾಲವೇ? ಅದಕ್ಕೇ ಕಾಯುವುದು.

ಇದರಲ್ಲಿ ನನಗೆ ಖುಷಿ ಕೊಟ್ಟ ಸಂಗತಿ ಒಂದಿದೆ. ಕತಾರಿನಲ್ಲಿ ಹೆಂಡತಿ ಗಂಡನ ಬಾಲ. ಆ ಅರ್ಜಿಯಲ್ಲಿ ಗಂಡ ಹೆಂಡತಿಯ ಬಾಲ. ಇದು ತಿಳಿದ ದಿನದಿಂದ ಜೊಹರಾ ನಡೆಯುವ ರೀತಿಯೇ ಬದಲಾಯಿತು. ಅಶ್ರಫ್ ಏನಾದರೂ ಜೋರು ಮಾಡಿದರೆ, "ಹೆಚ್ಚು ಮಾತಾಡಿದ್ರೆ ನಿಮ್ಮನ್ನು ಇಲ್ಲೇ ಬಿಟ್ಟು ಹೋಗ್ತೇನೆ" ಎನ್ನುತ್ತಿದ್ದಳು. ಇನ್ನು ಗಂಡನ ತಾಯಿ ಎಂದರೆ ಬಾಲದ ಬಾಲ. ಅದಕ್ಕೆ ಅಲ್ಲಿ ಪಂಕ್ತಿಯೇ ಇಲ್ಲ. ನನಗೆ ಬೇಸರವಾಗಲಿಲ್ಲ. ಅಲ್ಲಿ ಹಿಮ ಬೀಳುತ್ತದಂತೆ. ನನ್ನ ಮಂಡಿಗೆ ದೋಹಾದ ಏಸಿಯೇ ಜಾಸ್ತಿ.

ಪ್ರತಿ ತಿಂಗಳೂ ಅಮೆರಿಕದವರು ಯಾವ ತಾರೀಖಿನವರೆಗೆ ಹಾಕಿದ ಅರ್ಜಿ ಒಳಗೆ ಕರೆದರು ಎಂದು ಫೋನಿನಲ್ಲಿ ಬರುತ್ತದೆ. ತಾರೀಖು ಮುಂದೆ ಹೋದ ದಿನ ನಮ್ಮಲ್ಲಿ ಶಾವಿಗೆ ಪಾಯಸ. ನಿಂತಲ್ಲೇ ನಿಂತರೆ ಗಂಜಿ, ಚಟ್ನಿ. ಒಮ್ಮೊಮ್ಮೆ ಅದು ಹಿಂದಕ್ಕೂ ಹೋಗುತ್ತದೆ. ಆ ದಿನ ಅಶ್ರಫನೇ ಹೋಟೆಲಿನಿಂದ ಪರೋಟ ತರುತ್ತಿದ್ದ. ಹೇಗೂ ಹೋಗುವವರಲ್ಲವೇ ಎಂದು ಜೊಹರಾ ಮನೆಗೆ ಒಂದು ಹೊಸ ಸಾಮಾನು ತರಲು ಬಿಡುತ್ತಿರಲಿಲ್ಲ. ನಮ್ಮ ಬಟ್ಟೆ ಒಗೆಯುವ ಯಂತ್ರ ತಿರುಗುವಾಗ ನಡೆದುಕೊಂಡು ಬಾಗಿಲವರೆಗೆ ಬರುತ್ತಿತ್ತು. ಅದನ್ನು ಹಗ್ಗದಲ್ಲಿ ಪೈಪಿಗೆ ಕಟ್ಟಿ ಹಾಕಿದ್ದೆವು, ಆಡು ಕಟ್ಟಿದ ಹಾಗೆ.

ಎಲ್ಲಕ್ಕಿಂತ ವಿಚಿತ್ರ ಶಿಫಾಳ ವಯಸ್ಸಿನದು. ತಂದೆತಾಯಿಯ ಜೊತೆ ಹೋಗಬೇಕಾದರೆ ಮಕ್ಕಳಿಗೆ ಇಪ್ಪತ್ತೊಂದು ತುಂಬಿರಬಾರದು, ಮದುವೆ ಆಗಿರಬಾರದು. ಆದರೆ ಅರ್ಜಿ ಒಪ್ಪಿಗೆಯಾಗದೆ ಅವರ ಮೇಜಿನ ಮೇಲೆ ಕೊಳೆತ ಕಾಲವನ್ನು ಮಕ್ಕಳ ವಯಸ್ಸಿನಿಂದ ಕಳೆಯುತ್ತಾರೆ. ಹೆಣ್ಣಿನ ವಯಸ್ಸು ಕಡಿಮೆ ಮಾಡುವ ಸರಕಾರವನ್ನು ನಾನು ಬೇರೆಲ್ಲೂ ಕಂಡಿಲ್ಲ. ನಮ್ಮದು ಒಪ್ಪಿಗೆಗೇ ನಾಲ್ಕು ವರ್ಷ ಕೊಳೆತಿತ್ತು, ಆಮೇಲಿನದು ಬರೀ ಪಂಕ್ತಿ. ಹೀಗಾಗಿ ಶಿಫಾಳಿಗೆ ನಮ್ಮ ಅಡುಗೆಮನೆಯಲ್ಲಿ ಇಪ್ಪತ್ತಮೂರು, ಅಮೆರಿಕದಲ್ಲಿ ಹತ್ತೊಂಬತ್ತು. ಜೊಹರಾ ಹತ್ತೊಂಬತ್ತನ್ನೇ ಗಟ್ಟಿ ಹಿಡಿದುಕೊಂಡಳು. ಯಾರಾದರೂ ಸಂಬಂಧ ತಂದರೆ, "ಇನ್ನೂ ಸಣ್ಣವಳು, ಓದ್ತಾ ಇದ್ದಾಳೆ" ಎಂದು ಚಹಾ ಕೊಟ್ಟು ಕಳಿಸುವಳು. ಓದುತ್ತಿದ್ದ ಆ ಸಣ್ಣವಳು ಆಗ ನರ್ಸರಿ ಶಾಲೆಯಲ್ಲಿ ಟೀಚರ್!

ಅಷ್ಟರಲ್ಲಿ ಇರ್ಫಾನ್ ಬಂದ. ಬಂಟ್ವಾಳ ಕಡೆಯ ಹುಡುಗ. ರಾಸ್ ಲಫ್ಫಾನಿನ ಗ್ಯಾಸ್ ಪ್ಲಾಂಟಿನಲ್ಲಿ ಕೆಲಸ, ದೋಹಾದಿಂದ ಬಸ್ಸಿನಲ್ಲಿ ಹೋಗುವ ಅಲ್ ಖೋರಿನಲ್ಲಿ ತಾಯಿಯ ಜೊತೆ ಮನೆ. ಇಲ್ಲೇ ದೋಹಾದ ಅಲ್ ಅಜೀಜಿಯಾದಲ್ಲಿ ನಮ್ಮವರು ಸೇರಿ ಮಾಡಿದ ಈದ್ ಕೂಟದಲ್ಲಿ ಶಿಫಾಳನ್ನು ನೋಡಿದ್ದಾನೆ, ಇವಳೂ ನೋಡಿದ್ದಾಳೆ. ನನಗೆ ಯಾರೂ ಹೇಳಲಿಲ್ಲ. ಆದರೆ ಅಲ್ ಖೋರಿನ ಹೆಸರು ಎತ್ತಿದರೆ ಸಾಕು, ಹುಡುಗಿ ಚಹಾಕ್ಕೆ ಉಪ್ಪು ಹಾಕುತ್ತಿದ್ದಳು. ಎರಡು ಸಲ ಕುಡಿದ ಮೇಲೆ ನನಗೆ ವಿಷಯ ಅರ್ಥವಾಯಿತು.

ಇರ್ಫಾನನ ತಾಯಿ ಸುತ್ತಿ ಬಳಸಿ ಮಾತಾಡುವವಳಲ್ಲ. ಬಂದು ಕೂತವಳೇ, "ಹುಡುಗಿ ಕೊಡ್ತೀರಾ ಇಲ್ವಾ ಹೇಳಿ ಮಾರಾಯ್ತಿ, ನನಗೆ ಕೊನೆಯ ಬಸ್ಸು ಹಿಡೀಬೇಕು" ಎಂದಳು.

"ಒಂದೆರಡು ವರ್ಷ ಕಾಯಿರಿ, ನಮ್ಮ ತಾರೀಖು ಹತ್ತಿರ ಉಂಟು" ಎಂದಳು ಜೊಹರಾ.

"ಬಂತು ಅಂತ ಇಟ್ಕೊಳ್ಳುವ. ಇವಳು ಅಲ್ಲಿಗೆ ಹೋಗಿ, ಮದುವೆಯಾಗಿ, ನನ್ನ ಮಗನನ್ನು ಕರೆಸುದು ಯಾವ ಪಂಕ್ತಿಯಲ್ಲಿ?"

"ಎರಡನೆಯದರಲ್ಲಿ."

"ಅಲ್ಲಿಯೂ ಕಾಯಬೇಕಾ?"

ಜೊಹರಾ ಚಹಾದ ಲೋಟ ಅವಳ ಮುಂದೆ ಸರಿಸಿದಳು. ಆ ಹೆಂಗಸು ಎದ್ದು ಚಪ್ಪಲಿ ಹುಡುಕಿದಳು. "ನೋಡಿ, ಅವನಿಗೆ ಊರಲ್ಲಿ ಎರಡು ಕಡೆ ಕೇಳ್ತಾ ಇದ್ದಾರೆ. ರಜೆಗೆ ಹೋಗುವಷ್ಟರಲ್ಲಿ ಹೇಳಿ. ಆಮೇಲೆ ನನ್ನನ್ನು ದೂರಬೇಡಿ." ಒಳಗೆ ಶಿಫಾ ಪಾತ್ರೆ ತೊಳೆಯುತ್ತಿದ್ದಳು. ನಲ್ಲಿ ಸುಮ್ಮನೆ ಸುರಿಯುತ್ತಿತ್ತು, ಪಾತ್ರೆಯ ಸದ್ದು ಇರಲಿಲ್ಲ.

ಈಗ ನಮ್ಮ ಜೊಹರಾಳ ಉಪಾಯ ಕೇಳಿ. ನಮ್ಮಲ್ಲಿ ಒಂದು ಪದ್ಧತಿ ಇದೆ. ಗಲ್ಫಿನ ಹುಡುಗರಿಗೆ ರಜೆ ಸಿಗುವುದೇ ಕಷ್ಟವಾದ್ದರಿಂದ, ಮೊದಲು ಪಳ್ಳಿಯಲ್ಲಿ, ಅಂದರೆ ಮಸೀದಿಯಲ್ಲಿ, ನಿಕಾಹ್ ಮಾಡಿ ಇಟ್ಟುಬಿಡುವುದು. ಊಟ, ಹೆಣ್ಣು ಕಳಿಸುವುದೆಲ್ಲ ಮುಂದಿನ ರಜೆಗೆ. ಆ ನಡುವೆ ಹುಡುಗಿ ತಾಯಿಮನೆಯಲ್ಲೇ ಇರುತ್ತಾಳೆ. ಯಾರಾದರೂ ಕೇಳಿದರೆ, "ನಿಕಾಹ್ ಆಗಿದೆ, ಮದುವೆ ಆಗಿಲ್ಲ" ಎನ್ನುತ್ತೇವೆ. "ನಾವೂ ನಿಕಾಹ್ ಮಾಡಿ ಇಡುವ" ಎಂದಳು ಜೊಹರಾ. "ಹುಡುಗನೂ ಕೈ ತಪ್ಪುದಿಲ್ಲ, ಅಮೆರಿಕವೂ ತಪ್ಪುದಿಲ್ಲ. ಊಟ ಹಾಕಿದ ಮೇಲೆ ತಾನೇ ಮದುವೆ?" ಅಶ್ರಫ್ ತಲೆಯಾಡಿಸಿದ. ಇರ್ಫಾನನ ತಾಯಿ ಒಪ್ಪಿದಳು. ನನಗೂ ಸರಿಯೆಂದೇ ಕಂಡಿತು. ಶಿಫಾ ನೆಲ ನೋಡಿಕೊಂಡು ತಾಯಿಗೆ, "ನೀವು ಹೇಳಿದ ಹಾಗೆ ಉಮ್ಮಾ" ಎಂದಳು. ಅಷ್ಟು ವಿಧೇಯಳಾದ ಹುಡುಗಿಯನ್ನು ನಂಬಬಾರದು, ಇದು ನನ್ನ ಅನುಭವ.

ರಜೆಯಲ್ಲಿ ಊರಿಗೆ ಹೋಗಿ ನಿಕಾಹ್ ಮುಗಿಸಿ ಬಂದೆವು. ಬಂದ ವಾರವೇ ಹಮೀದನ ಫೋನು. ಜೊಹರಾ ತನ್ನ ಜಾಣತನ ಎಲ್ಲರಿಗೂ ಕೇಳಲಿ ಎಂದು ಸ್ಪೀಕರ್ ಹಾಕಿ ವಿಷಯ ಹೇಳಿದಳು. ಆ ಕಡೆಯಿಂದ ಹಮೀದ್ ಕೂಗಿದ.

"ಜೊಹರಾ, ನಿನಗೆ ಮಂಡೆ ಸರಿ ಉಂಟಾ? ನಿಕಾಹ್ ಅಂದ್ರೆ ಮದುವೆಯೇ ಅಲ್ವಾ?"

"ಊಟವೇ ಹಾಕ್ಲಿಲ್ಲವಲ್ಲ!"

"ಇಲ್ಲಿಯವರು ಊಟ ಆಯ್ತಾ ಅಂತ ಕೇಳುದಿಲ್ಲ ಮಾರಾಯ್ತಿ! ಹುಡುಗಿ ಪಟ್ಟಿಯಿಂದ ಹೋದಳು. ಖಲಾಸ್!"

ಫೋನು ಇಟ್ಟಾಗ ಒಳಗೆ ಬಟ್ಟೆ ಒಗೆಯುವ ಯಂತ್ರ ಗಡಗಡ ತಿರುಗುತ್ತಿತ್ತು. ಜೊಹರಾ ನೆಲದ ಮೇಲೆ ಕೂತು ಅಳಲು ಶುರು ಮಾಡಿದಳು. ಶಿಫಾ ಪಕ್ಕದಲ್ಲಿ ಕೂತು ನಿಧಾನಕ್ಕೆ, "ನನಗೆ ಗೊತ್ತಿತ್ತು ಉಮ್ಮಾ" ಎಂದಳು.

ಅಳು ತಟ್ಟನೆ ನಿಂತಿತು. "ಎಂತ ಗೊತ್ತಿತ್ತು?"

"ನಿಕಾಹ್ ಆದ್ರೆ ಹೆಸರು ಹೋಗ್ತದೆ ಅಂತ. ಕಾಲೇಜಲ್ಲಿದ್ದಾಗಲೇ ಓದಿದ್ದೆ."

"ಗೊತ್ತಿದ್ದೂ ಬಾಯಿ ಮುಚ್ಚಿ ಕೂತೆಯಾ?"

ಶಿಫಾ ನಗಲೂ ಇಲ್ಲ, ಹೆದರಲೂ ಇಲ್ಲ, ತಂದೆಯ ಕಡೆ ತೋರಿಸಿದಳು. "ನಿಕಾಹಿನ ದಿನ ಉಪ್ಪ ಬಂದು, ಒಪ್ಪಿಗೆ ಉಂಟಾ ಮಗಳೇ ಅಂತ ಕೇಳಿದ್ರು. ಉಂಟು ಅಂದೆ. ಅಮೆರಿಕಕ್ಕೆ ಒಪ್ಪಿಗೆ ಉಂಟಾ ಅಂತ ಇಷ್ಟು ವರ್ಷದಲ್ಲಿ ಯಾರಾದ್ರೂ ಕೇಳಿದ್ದೀರಾ?"

ಅಶ್ರಫ್ ಕಿಟಕಿಯ ಹತ್ತಿರ ಹೋಗಿ, ಎಂದೂ ನೋಡದವನ ಹಾಗೆ ಎದುರಿನ ಕಟ್ಟಡ ನೋಡಿದ. ನಾನೂ ಒಮ್ಮೆಯೂ ಕೇಳಿದವಳಲ್ಲ.

ಜೊಹರಾ ಸೋಲುವವಳಲ್ಲ. ಮೂಗು ಒರೆಸಿಕೊಂಡು ಹೊಸ ಉಪಾಯ ತೆಗೆದಳು. "ಪಳ್ಳಿಯ ಕಾಗದ ಊರಲ್ಲೇ ಇರಲಿ. ವೀಸಾದವರಿಗೆ ಹೇಗೆ ಗೊತ್ತಾಗ್ತದೆ? ಕೇಳಿದ್ರೆ ಆಗಿಲ್ಲ ಅಂದರಾಯ್ತು. ಮಾಮಿ, ನೀವಾದ್ರೂ ಹೇಳಿ!"

ನಾನು ಹೇಳಿದೆ. "ಹಾಗಾದರೆ ಶುಕ್ರವಾರ ಇರ್ಫಾನ್ ಊಟಕ್ಕೆ ಬಂದರೆ ಯಾರು ಅಂತ ಕೂರಿಸುದು? ಸಿಲಿಂಡರ್ ತಂದವನು ಅಂತಲಾ? ಪಳ್ಳಿಯಲ್ಲಿ ಹತ್ತು ಜನರ ಎದುರು ಆಯ್ತು ಅಂತ ಹೇಳಿ, ಒಬ್ಬ ಸಾಹೇಬನ ಎದುರು ಆಗಿಲ್ಲ ಅನ್ನುದು ನನ್ನ ಬಾಯಿಂದ ಆಗುದಿಲ್ಲ. ಹುಡುಗಿ ಮದುಮಗಳು. ಅಳುದಾದರೆ ಇವತ್ತೇ ಅತ್ತು ಮುಗಿಸು, ನಾಳೆ ಕೆಲಸ ಉಂಟು."

"ಎಂತ ಕೆಲಸ?"

"ಊಟ ಹಾಕ್ಲಿಕ್ಕಿಲ್ವಾ?"

ಜೊಹರಾ ಆ ದಿನ ಮಾತ್ರ ಅಲ್ಲ, ಮರುದಿನವೂ ಅತ್ತಳು. ಮೂರನೆಯ ದಿನ ಇರ್ಫಾನನ ತಾಯಿಗೆ ಫೋನು ಮಾಡಿದಳು. ತಡೆ ಹಿಡಿದದ್ದೇ ಅಮೆರಿಕ. ಅದೇ ಬಿಟ್ಟ ಮೇಲೆ ಮುಂದಿನ ರಜೆಗೆ ಕಾಯುವುದು ಯಾಕೆ? ಅಲ್ ಅಜೀಜಿಯಾದಲ್ಲಿ ಪರಿಚಯದವರ ವಿಲ್ಲಾದಲ್ಲೇ ಮದುವೆಯ ಊಟ. ಅಂಗಳದಲ್ಲಿ ಗಂಡಸರು, ಒಳಗೆ ನಾವು. ಅಡುಗೆ ಮಾಡಿದವನು ಕುಂದಾಪುರದವನು. ನಮ್ಮ ತುಪ್ಪದನ್ನ ಅವನ ಕೈಗೆ ಹತ್ತಲಿಲ್ಲ, ಸ್ವಲ್ಪ ಗಂಜಿಯಾಯಿತು. ಆದರೂ ತಿಂದರು, ಚೆನ್ನಾಗಿ ತಿಂದರು. ಹೆಂಗಸರು ಕೈ ತಟ್ಟಿ ಹಾಡಲು ಕೂತಾಗ ಮೊದಲ ಸಾಲು ಎತ್ತಿದವಳು ಯಾರು ಅಂದುಕೊಂಡಿರಿ? ಜೊಹರಾ. ಆ ದನಿ ಅವಳಲ್ಲಿ ಇದೆಯೆಂದೇ ನನಗೆ ಗೊತ್ತಿರಲಿಲ್ಲ. ಮಗಳನ್ನು ನೋಡಿಕೊಂಡು ಹಾಡಿದಳು, ನಡುವೆ ಒಂದು ಸಾಲು ಮರೆತಳು, ತಲೆಯಾಡಿಸಿ ನಕ್ಕಳು, ಮತ್ತೆ ಹಿಡಿದಳು. ಶಿಫಾಳ ಮದರಂಗಿ ಕೈ ತಾಯಿಯ ತೊಡೆಯ ಮೇಲಿತ್ತು. ನನ್ನ ಮಂಡಿಗೆ ನೆಲದ ಮೇಲೆ ಕೂರಲು ಆಗುವುದಿಲ್ಲ ಎಂದು ಕುರ್ಚಿ ಹಾಕಿದ್ದರು. ಹಾಡು ಬಿಸಿಯೇರಿದಾಗ ನಾನೂ ಎದ್ದು ನಾಲ್ಕು ಹೆಜ್ಜೆ ಹಾಕಿದೆ. ಆಮೇಲೆ ವಾರವಿಡೀ ಎಣ್ಣೆ ತಿಕ್ಕಿಸಿಕೊಂಡೆ. ಪರವಾಗಿಲ್ಲ.

ಆ ತಿಂಗಳೇ ಹೊಸ ಯಂತ್ರವೂ ಬಂತು. ನಿಂತಲ್ಲೇ ಒಗೆಯುತ್ತದೆ.

ಕ್ಲಿನಿಕ್ಕಿನಲ್ಲಿ ನಕ್ಕದ್ದು ಇದಕ್ಕೆ. ಅಶ್ರಫ್ ಮತ್ತು ಜೊಹರಾರ ಅರ್ಜಿ ಇನ್ನೂ ಪಟ್ಟಿಯಲ್ಲಿದೆ, ಬಂದಾಗ ಬರುತ್ತದೆ. ಬಂದು ಅವರು ಹೋದರೆ ನಾನು ಊರಿಗೆ, ಕಿರಿಯ ಮಗಳ ಮನೆಗೆ. ಅವಳು ಮೂಲೆಯ ಕೋಣೆಗೆ ಬಣ್ಣ ಹೊಡೆಸಿಯೂ ಆಗಿದೆ. ನನ್ನ ಚಿಂತೆ ನೀವು ಮಾಡಬೇಡಿ.

ಈ ಶುಕ್ರವಾರ ಎಲ್ಲರೂ ಅಲ್ ಖೋರಿಗೆ ಹೋಗಿದ್ದೆವು. ಶಿಫಾಳ ಮನೆಯ ಕಿಟಕಿ ತೆಗೆದರೆ ಸಮುದ್ರದ ಗಾಳಿ ಬರುತ್ತದೆ, ನಮ್ಮ ಉಳ್ಳಾಲದ್ದೇ ವಾಸನೆ. ಇರ್ಫಾನ್ ರಾತ್ರಿಪಾಳಿ ಮುಗಿಸಿ ಬೆಳಿಗ್ಗೆ ಕಂಪೆನಿ ಬಸ್ಸಿನಲ್ಲಿ ಬಂದವನು, ನಿದ್ದೆ ಬಿಟ್ಟು ನಮ್ಮ ಜೊತೆ ಕೂತಿದ್ದ. ಅವನ ಕಣ್ಣು ತಾನಾಗಿ ಮುಚ್ಚುತ್ತಿತ್ತು. ಶಿಫಾ ಅವನನ್ನು ಮೊಣಕೈಯಿಂದ ತಿವಿಯುತ್ತಿದ್ದಳು. ಇಬ್ಬರೂ ಯಾರಿಗೂ ಕಾಣಲಿಲ್ಲ ಎಂದುಕೊಂಡು ನಗುತ್ತಿದ್ದರು. ಅಡುಗೆಮನೆ, ಅಮೆರಿಕ ಎಲ್ಲಿಯ ಲೆಕ್ಕ ಹಿಡಿದರೂ, ಶಿಫಾಳ ಮುಖಕ್ಕೆ ಸರಿಯಾಗಿ ಅದರ ವಯಸ್ಸೇ ಇತ್ತು.

ಊಟ ಮುಗಿದ ಮೇಲೆ ಜೊಹರಾ ಗಂಟಲು ಸರಿಮಾಡಿಕೊಂಡಳು. "ನಾನು ಒಂದು ಯೋಚನೆ ಮಾಡಿದ್ದೇನೆ. ನಮ್ಮದು ಬರ್ತದೆ. ನಾವು ಹೋಗ್ತೇವೆ. ಅಲ್ಲಿ ಕೆಲವು ವರ್ಷ ಇದ್ದು ನಾನು ಪ್ರಜೆ ಆಗ್ತೇನೆ. ಆಗ ಮದುವೆಯಾದ ಮಗಳು ಅಂತ ನಿನಗೆ ಅರ್ಜಿ ಹಾಕ್ತೇನೆ, ಮೂರನೆಯ ಪಂಕ್ತಿ. ಅದರಲ್ಲಿ ಇರ್ಫಾನನಿಗೂ ಜಾಗ ಉಂಟು!"

ಇರ್ಫಾನನ ನಿದ್ದೆ ಹಾರಿಹೋಯಿತು. "ಎಷ್ಟು ವರ್ಷ ಆದೀತು ಮಾಮಿ?" ಎಂದು ಕೇಳಿದ.

ಜೊಹರಾ ಬೆರಳು ಮಡಿಸಿದಳು. ಒಂದು ಕೈ ಮುಗಿಯಿತು, ಇನ್ನೊಂದು ಕೈಯೂ ಮುಗಿಯಿತು. ಅಶ್ರಫ್ ತನ್ನ ಎರಡು ಕೈಯನ್ನು ಸುಮ್ಮನೆ ಅವಳ ಮುಂದೆ ಚಾಚಿದ. ಮೊದಲು ನಕ್ಕವಳು ನಾನು. ಆಮೇಲೆ ಎಲ್ಲರೂ.

ಶಿಫಾ ಎದ್ದು ತಟ್ಟೆ ತೆಗೆಯುತ್ತ, "ಉಮ್ಮಾ, ಅಲ್ ಖೋರಿಗೆ ಬರ್ಲಿಕ್ಕೆ ಅರ್ಜಿ ಬೇಡ" ಎಂದಳು. "ಮುಂದಿನ ಶುಕ್ರವಾರವೂ ಬನ್ನಿ. ಇರ್ಫಾನ್ ಬೆಳಿಗ್ಗೆಯೇ ಹೋಗಿ ಮೀನು ತರ್ತಾರೆ."

ಜೊಹರಾ ಕಿಟಕಿಯ ಹೊರಗೆ ನೋಡಿದಳು. ಮಡಿಸಿದ್ದ ಬೆರಳುಗಳನ್ನು ಬಿಡಿಸಿದಳು.

"ಎಂತ ಮೀನು?" ಎಂದು ಕೇಳಿದಳು.